ಕುದುರೆಯ ಜೊತೆ ಕರಾವಳಿಯಲ್ಲಿ ರಾತ್ರಿ ತಂಗಲು ಯಾವ ಸಾಮಾನು? ಹಗ್ಗ, ಸೌರ ಬೇಲಿ, ಪ್ಯಾನೆಲ್, ಟೆಂಟ್‌ಗಳ ವಿಮರ್ಶೆ

ಕುದುರೆಯ ಜೊತೆ ಕ್ಯಾಂಪ್ ಹೊರಡುವವರು ಅಂಗಡಿಗೆ ಹೋದ ಕೂಡಲೇ ನೋಡುವುದು ಟೆಂಟನ್ನು. ನಮ್ಮ ಸಲಹೆ ಕೇಳುವುದಾದರೆ ಟೆಂಟ್ ಕೊನೆಗೆ ಕೊಳ್ಳಿ. ರಾತ್ರಿ ನೀವು ನಿದ್ದೆಯಲ್ಲಿರುವಾಗ ಕುದುರೆ ಎಲ್ಲಿ, ಯಾವುದರ ಆಧಾರದಲ್ಲಿ ನಿಂತಿರುತ್ತದೆ ಎಂಬುದು ಮೊದಲು ತೀರ್ಮಾನವಾಗಲಿ. ಗಾಡಿ ಯಾವುದು, ನೀರು ಎಷ್ಟು, ಜಾಗ ಎಂಥದ್ದು ಎಂಬುದೆಲ್ಲ ಅದರ ಹಿಂದೆಯೇ ಬರುತ್ತದೆ. ತಿರುಗುಮುರುಗಾಗಿ ಹೊರಟವರು ಒಳ್ಳೆಯ ಟೆಂಟ್ ಹೊಡೆದು ಅದರ ಪಕ್ಕದ ತೆಂಗಿನ ಮರಕ್ಕೆ ಕುದುರೆ ಕಟ್ಟಿ ಮಲಗುತ್ತಾರೆ. ಕಾಯಿ ಬಿದ್ದರೂ ಅಪಾಯ, ಒಣಗಿದ ಮಡಲು ಬಿದ್ದರೂ ಅಪಾಯ, ಕುದುರೆ ಮರಕ್ಕೆ ಸುತ್ತು ಹಾಕಿ ಹಗ್ಗ ಗಿಡ್ಡವಾದರೂ ಅಪಾಯ.

ಇಲ್ಲಿ ಹೇಳುವುದೆಲ್ಲ ಮಂಗಳೂರು, ಉಡುಪಿ ಕಡೆಯ ನೆಲಕ್ಕೆ ಸಂಬಂಧಿಸಿದ್ದು. ಸಸಿಹಿತ್ಲು, ಪಡುಬಿದ್ರಿ, ಕಾಪು, ಮಟ್ಟು, ಕೋಡಿ ಬೆಂಗ್ರೆ ಕಡೆ ಹೊಯಿಗೆ, ಅಂದರೆ ಮರಳು. ಅಲ್ಲಿಂದ ಸ್ವಲ್ಪ ಒಳಗೆ ಬಂದರೆ ಗದ್ದೆ. ಇನ್ನೂ ಒಳಗೆ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಪದವು, ಅಂದರೆ ಗುಡ್ಡದ ಮೇಲಿನ ಬಯಲು. ಈ ಮೂರೂ ನೆಲದಲ್ಲಿ ಒಂದೇ ಗೂಟ ಮೂರು ರೀತಿ ವರ್ತಿಸುತ್ತದೆ. ಮೇಲಿಂದ ಉಪ್ಪು ಗಾಳಿ. ಒಣ ಹವೆಯ ದೇಶಗಳಿಗೆಂದು ತಯಾರಾದ ಕಿಟ್‌ನಲ್ಲಿ ಅರ್ಧದಷ್ಟು ಸಾಮಾನು ಇಲ್ಲಿ ಒಂದು ಋತುವಿಗೇ ಕೈಕೊಡುತ್ತದೆ. ಲೆಕ್ಕಕ್ಕೆ ಎರಡು ಕುದುರೆ, ಇಬ್ಬರು ಸವಾರರು, ಎರಡು ರಾತ್ರಿ ಎಂದು ಇಟ್ಟುಕೊಂಡಿದ್ದೇವೆ. ಕುದುರೆಗಳು ಮಾರ್ವಾಡಿ, ಕಾಠಿಯಾವಾಡಿ ಜಾತಿಯ 350ರಿಂದ 400 ಕಿಲೋ ತೂಕದವು. ಕಾಲ ನವೆಂಬರ್ ಕೊನೆಯಿಂದ ಫೆಬ್ರವರಿ. ಮಳೆಗಾಲದಲ್ಲಿ ಈ ಸಾಹಸ ಬೇಡವೇ ಬೇಡ. ದಿನಗಟ್ಟಲೆ ನೆನೆದ ಚರ್ಮಕ್ಕೆ ಹುಣ್ಣು ಹತ್ತುತ್ತದೆ, ಕೆಸರಿನಲ್ಲಿ ನಿಂತ ಗೊರಸಿನ ಅಡಿ ಕೊಳೆಯುತ್ತದೆ. ಅದನ್ನು ತಡೆಯುವ ಯಾವ ಟಾರ್ಪಾಲೂ ಇಲ್ಲ.

ಹೈಲೈನ್‌ನಿಂದ ಶುರುಮಾಡೋಣ. ಎರಡು ಮರಗಳ ನಡುವೆ ಕುದುರೆಯ ತಲೆಗಿಂತ ಎತ್ತರದಲ್ಲಿ ಅಡ್ಡ ಹಗ್ಗ ಕಟ್ಟಿ, ಅದರಿಂದ ಕುದುರೆಯನ್ನು ಕಟ್ಟುವ ಲೀಡ್ ಹಗ್ಗ ಇಳಿಬಿಡುವ ಪದ್ಧತಿ ಇದು. ನಮ್ಮ ಕರಾವಳಿಗೆ ಮೊದಲ ಆಯ್ಕೆ ಇದೇ. ಪೂರ್ತಿ ಕಿಟ್ ಒಂದು ಸಣ್ಣ ಚೀಲದಲ್ಲಿ ಹಿಡಿಯುತ್ತದೆ, ನೆಲ ಹೊಯಿಗೆಯೋ ಕಲ್ಲೋ ಎಂಬ ಚಿಂತೆ ಇಲ್ಲ. ಕಂಪನಿಯ ಸಿದ್ಧ ಕಿಟ್ ತರಿಸುವುದಕ್ಕಿಂತ ಮಲ್ಪೆ ಬಂದರಿನ ಅಥವಾ ಮಂಗಳೂರು ಧಕ್ಕೆಯ ಆಸುಪಾಸಿನಲ್ಲಿ ಮೀನುಗಾರಿಕೆ ಸಾಮಾನು ಮಾರುವ ಅಂಗಡಿಗಳಲ್ಲಿ ಬಿಡಿಬಿಡಿಯಾಗಿ ಕೊಳ್ಳುವುದು ಮೇಲು. ಸಮುದ್ರದಲ್ಲಿ ಬಾಳಿಕೆ ಬರುವ ಹಗ್ಗ, ಸ್ಟೀಲ್ ಶ್ಯಾಕಲ್ ಕೊಂಡಿ, ಸುತ್ತ ತಿರುಗುವ ಸ್ವಿವೆಲ್‌ಗಳ ಗುಣ ಅಲ್ಲಿನವರಿಗೆ ಗೊತ್ತಿರುವಷ್ಟು ಕ್ರೀಡಾ ಸಾಮಗ್ರಿ ಅಂಗಡಿಯವರಿಗೆ ಗೊತ್ತಿಲ್ಲ.

ಹಗ್ಗದಲ್ಲಿ ಮೂರು ಬಗೆ ಮುಂದಿಡುತ್ತಾರೆ. ಪಾಲಿಪ್ರೊಪಿಲೀನ್ ಅಗ್ಗ, ಹಗುರ. ಆದರೆ ಬಿಸಿಲಿಗೆ ಬೇಗ ಗಡುಸಾಗಿ ಎಳೆ ಎಳೆಯಾಗಿ ಸೀಳುತ್ತದೆ, ಆ ಎಳೆಗಳು ಕೈಗೂ ಕುದುರೆಯ ಮೂತಿಗೂ ಚುಚ್ಚುತ್ತವೆ. ನೈಲಾನ್ ಗಟ್ಟಿ, ಆದರೆ ಹಿಗ್ಗುತ್ತದೆ, ಇಬ್ಬನಿಗೆ ನೆನೆದರೆ ಇನ್ನಷ್ಟು. ಸಂಜೆ ಏಳಡಿ ಎತ್ತರದಲ್ಲಿ ಕಟ್ಟಿದ ಹಗ್ಗ ಬೆಳಗಿನ ಜಾವಕ್ಕೆ ಕುದುರೆಯ ಎದೆಮಟ್ಟಕ್ಕೆ ಜೋತುಬಿದ್ದಿದ್ದರೆ ಅದು ನೈಲಾನ್ ಎಂದೇ ತಿಳಿಯಿರಿ. ಬೇಕಾದ್ದು 12 ಮಿ.ಮೀ. ದಪ್ಪದ ಪಾಲಿಯೆಸ್ಟರ್ ಹಗ್ಗ, 20 ಮೀಟರ್. ಹಿಗ್ಗು ಕಡಿಮೆ, ಬಿಸಿಲು ತಡೆಯುತ್ತದೆ, ಹೊಸದರಲ್ಲಿ ಎರಡು ಟನ್‌ಗಿಂತ ಹೆಚ್ಚಿನ ಎಳೆತ ತಾಳುತ್ತದೆ. ಗಂಟು ಬಿದ್ದಲ್ಲಿ ಈ ಶಕ್ತಿ ಮೂರನೇ ಒಂದರಿಂದ ಅರ್ಧದಷ್ಟು ಕಡಿಮೆಯಾಗುತ್ತದೆ ಎಂಬುದನ್ನು ಲೆಕ್ಕದಲ್ಲಿಡಿ.

ಎಳೆತದ ಲೆಕ್ಕ ಹೆಚ್ಚಿನವರಿಗೆ ಅಂದಾಜಿಲ್ಲ. 12 ಮೀಟರ್ ಅಂತರದ ಎರಡು ಮರಗಳ ನಡುವೆ ಹಗ್ಗ ಕಟ್ಟಿದ್ದೀರಿ, ನಟ್ಟನಡುವೆ ಕುದುರೆ 100 ಕಿಲೋ ಬಲದಲ್ಲಿ ಕೆಳಕ್ಕೆ ಜಗ್ಗಿತು ಎಂದುಕೊಳ್ಳಿ. ಹಗ್ಗ ಒಂದು ಮೀಟರ್ ಬಗ್ಗುವಷ್ಟು ಸಡಿಲವಿದ್ದರೆ ಎರಡೂ ಕಡೆಯ ಹಗ್ಗದ ಮೇಲೆ ತಲಾ 300 ಕಿಲೋದಷ್ಟು ಎಳೆತ ಬೀಳುತ್ತದೆ. ತಂತಿಯಂತೆ ಬಿಗಿದು ಅರ್ಧ ಮೀಟರ್ ಮಾತ್ರ ಬಗ್ಗುವ ಹಾಗೆ ಮಾಡಿದರೆ ಅದೇ 100 ಕಿಲೋಗೆ 600 ಕಿಲೋ. ಅಂದರೆ ಹೆಚ್ಚು ಬಿಗಿದಷ್ಟೂ ಮರ, ಪಟ್ಟಿ, ಗಂಟು ಮೂರಕ್ಕೂ ಹೊರೆ. ಅದಕ್ಕೇ ಕಟ್ಟುವಾಗ ಎರಡೂ ತುದಿಯನ್ನು ಎಂಟಡಿಗೆ ಏರಿಸಿ. ಕುದುರೆ ಜಗ್ಗದೆ ಲೀಡ್ ಹಗ್ಗಗಳ ಭಾರವಷ್ಟೇ ಇರುವಾಗ ನಡುಭಾಗ ಏಳಡಿಯ ಹತ್ತಿರ ನಿಂತರೆ ಸಾಕು. ಬಿಗಿಯಲು ಲಾರಿಯವರ ಗಂಟೇ ಒಳ್ಳೆಯದು. ತುದಿಯನ್ನು ಒಂದೇ ಎಳೆತಕ್ಕೆ ಬಿಚ್ಚುವ ಹಾಗೆ ಮಡಚಿ ಸಿಕ್ಕಿಸಿ.

ಮರಕ್ಕೆ ಹಗ್ಗವನ್ನು ನೇರ ಸುತ್ತಬಾರದು. ತೊಗಟೆ ಕೊರೆದು ಗಾಯವಾಗುತ್ತದೆ, ತೋಟದ ಯಜಮಾನರು ಮತ್ತೊಮ್ಮೆ ಜಾಗ ಕೊಡುವುದಿಲ್ಲ. 50 ಮಿ.ಮೀ. ಅಗಲದ ಪಟ್ಟಿ ಬೇಕು. ಲಾರಿ ಬಿಡಿಭಾಗದ ಅಂಗಡಿಯಲ್ಲಿ ಸಿಗುವ ಸರಕು ಬಿಗಿಯುವ ಬೆಲ್ಟನ್ನೇ ಎರಡು ಮೀಟರಿನ ಎರಡು ತುಂಡು ಮಾಡಿ, ತುದಿಗಳನ್ನು ಕುಣಿಕೆಯಾಗಿ ಹೊಲಿಸಿಕೊಂಡರೆ ಸಾಕಾಗುತ್ತದೆ. ಹೊಲಿಗೆ ಚಪ್ಪಲಿ ಹೊಲಿಯುವವರ ದಪ್ಪ ನೂಲಿನಲ್ಲೇ ಆಗಬೇಕು, ದರ್ಜಿಯ ಮಿಷನ್ನಿನಲ್ಲಿ ಬೇಡ.

ಮರದ ಆಯ್ಕೆಯೂ ಕಿಟ್‌ನಷ್ಟೇ ಮುಖ್ಯ. ಕಡಲ ತೀರದ ಗಾಳಿಮರ ಚೆನ್ನಾಗಿ ಬಲಿತಿದ್ದರೆ ಒಳ್ಳೆಯದು. ಕಾಂಡ ತೊಡೆಯ ದಪ್ಪಕ್ಕಿಂತ ಸಣ್ಣದಿದ್ದರೆ ಬಿಟ್ಟುಬಿಡಿ, ಹೊಯಿಗೆಯಲ್ಲಿ ಅದರ ಬೇರು ಆಳಕ್ಕೆ ಇಳಿದಿರುವುದಿಲ್ಲ. ಅಕೇಶಿಯಾ ನೆಡುತೋಪುಗಳಲ್ಲಿ ನೆರಳು ಚೆನ್ನಾಗಿದ್ದರೂ ಕೊಂಬೆ ಪೆಳಸು, ಗಾಳಿಗೆ ಮುರಿದು ಬೀಳುತ್ತದೆ. ಮಾವು, ಹಲಸು ಸಿಕ್ಕರೆ ಎರಡು ಮಾತಿಲ್ಲ. ಪದವಿನ ಅಂಚಿನಲ್ಲಿ ಕಾಸರಕನ ಮರ ಬಹಳ. ಅದರ ಬೀಜ ಕಡುವಿಷ, ಅದರಡಿ ಕುದುರೆ ನಿಲ್ಲಿಸಬಾರದು. ಚೇರೆ ಮರದ ಸೊನೆ ತಾಗಿದರೆ ಮನುಷ್ಯರ ಮೈಯಲ್ಲಿ ಗುಳ್ಳೆ ಏಳುತ್ತದೆ, ಅದಕ್ಕೆ ಪಟ್ಟಿ ಸುತ್ತುವುದೂ ಬೇಡ. ಮನೆಗಳ ಬೇಲಿಯಲ್ಲಿರುವ ಕಣಗಿಲೆ ಎಲ್ಲಕ್ಕಿಂತ ಅಪಾಯ. ಕೆಲವು ಹಿಡಿ ಎಲೆ ಕುದುರೆಯನ್ನು ಕೊಲ್ಲುತ್ತದೆ, ಒಣಗಿದ ಎಲೆಯಲ್ಲೂ ವಿಷ ಹಾಗೆಯೇ ಇರುತ್ತದೆ. ಹಗ್ಗ ಕಟ್ಟುವ ಮೊದಲು ಕುದುರೆಯ ಕುತ್ತಿಗೆ ಎಲ್ಲಿಯವರೆಗೆ ಚಾಚುತ್ತದೋ ಅಲ್ಲಿಯವರೆಗೆ ಸುತ್ತ ಒಮ್ಮೆ ನಡೆದು ನೋಡಿ.

ಇನ್ನು ಲೀಡ್ ಹಗ್ಗ ಸಿಕ್ಕಿಸುವ ಜಾಗ. ಅಡ್ಡ ಹಗ್ಗದಲ್ಲಿ ಜಾರದ ಕುಣಿಕೆ ಬೇಕು. ಚಿಟ್ಟೆ ಗಂಟು ಇದಕ್ಕೆಂದೇ ಇರುವುದು: ಹಗ್ಗವನ್ನು ಬಳೆಯಂತೆ ಹಿಡಿದು ಒಂದೇ ದಿಕ್ಕಿಗೆ ಎರಡು ಸಲ ತಿರುಚಿ, ಬಳೆಯ ತಲೆಯನ್ನು ಹಿಂದಿನಿಂದ ಕೆಳಕ್ಕೆ ಮಡಚಿ, ಎರಡು ತಿರುಚಿನ ನಡುವಿನ ಕಿಂಡಿಯಲ್ಲಿ ಮೇಲಕ್ಕೆ ಎಳೆದು ಎರಡೂ ಬದಿ ಜಗ್ಗಿ ಬಿಗಿ ಮಾಡಿ. ಎಷ್ಟು ಎಳೆದರೂ ಬೆಳಗ್ಗೆ ಕೈಯಲ್ಲಿ ಬಿಚ್ಚಬಹುದು. ಅದಕ್ಕೊಂದು ಸ್ವಿವೆಲ್, ಸ್ವಿವೆಲ್‌ಗೆ ಲೀಡ್. ಸ್ವಿವೆಲ್ ಬಿಟ್ಟರೆ ರಾತ್ರಿಯಿಡೀ ಸುತ್ತುವ ಕುದುರೆ ಲೀಡನ್ನು ಹುರಿಗಟ್ಟಿಸಿ ಗಿಡ್ಡ ಮಾಡಿಕೊಳ್ಳುತ್ತದೆ. ಮರದಿಂದ ಮೊದಲ ಕುಣಿಕೆಗೆ ಎರಡು ಮೀಟರ್, ಎರಡು ಕುದುರೆಗಳ ನಡುವೆ ಮೂರು ಮೀಟರ್. ಒದೆಯುವ ಸ್ವಭಾವದ್ದಾದರೆ ನಾಲ್ಕು. ಲೀಡಿನ ಉದ್ದವೇ ಇಡೀ ವ್ಯವಸ್ಥೆಯ ಪ್ರಾಣ. ನೇರ ಇಳಿಬಿಟ್ಟಾಗ ಕೊಕ್ಕೆ ನೆಲದಿಂದ 45 ಸೆಂ.ಮೀ. ಮೇಲೆ ನಿಲ್ಲಬೇಕು. ಆಗ ಕುದುರೆ ಮೂತಿಯನ್ನು ನೆಲಕ್ಕೆ ತಾಗಿಸಿ ಹುಲ್ಲು ತಿನ್ನಬಹುದು, ಆದರೆ ಮುಂಗಾಲು ಹಗ್ಗದ ಆಚೆ ಹೋಗುವುದಿಲ್ಲ. ಇನ್ನೊಂದಡಿ ಉದ್ದ ಬಿಟ್ಟರೂ ಕಾಲು ಸಿಕ್ಕಿ, ಹಗ್ಗದ ಉಜ್ಜುಗಾಯ ಮೂಳೆ ಕಾಣುವ ತನಕ ಹೋಗಬಹುದು.

ಕೊಕ್ಕೆ ಕೊಳ್ಳುವಾಗ ಕೈಯಲ್ಲಿ ತೂಗಿ ನೋಡಿ. ಹಗುರವಾಗಿ ಬೆಳ್ಳಗೆ ಹೊಳೆಯುವ ಅಗ್ಗದ ಎರಕದ ಕೊಕ್ಕೆ ಒಂದು ಝಾಡಿಸುವಿಕೆಗೆ ತುಂಡಾಗುತ್ತದೆ. ಹಿತ್ತಾಳೆ ಅಥವಾ 316 ದರ್ಜೆಯ ಸ್ಟೀಲ್ ಕೊಳ್ಳಿ. 304 ದರ್ಜೆಯದ್ದು ಊರೊಳಗೆ ಬಾಳುತ್ತದೆ, ಕಡಲ ದಂಡೆಯಲ್ಲಿ ಕಂದು ಚುಕ್ಕೆ ಬರುತ್ತದೆ. ಕುದುರೆಯ ತಲೆಗೆ ಹಾಕುವ ಹಾಲ್ಟರ್‌ನಲ್ಲಿ ತಲೆಪಟ್ಟಿಯ ಒಂದು ಭಾಗವಾದರೂ ಚರ್ಮದ್ದಿರಲಿ. ಅನಾಹುತವಾದಾಗ ನೈಲಾನ್ ಹರಿಯುವುದಿಲ್ಲ, ಚರ್ಮ ಹರಿದು ಕುದುರೆ ಉಳಿಯುತ್ತದೆ.

ಹೈಲೈನ್‌ನ ಕೊರತೆಯೂ ಉಂಟು. ಕುದುರೆ ಮಲಗುವುದು ಕಷ್ಟ, ಅತ್ತಿತ್ತ ಓಡಾಡಲು ಜಾಗವಿಲ್ಲ. ಮೂರನೇ ರಾತ್ರಿಗೆ ಕಾಲು ಊದಿಕೊಳ್ಳುವ ಕುದುರೆಗಳಿವೆ. ಮನೆಯಲ್ಲಿ ಹಗಲು ಹೊತ್ತು ಕೆಲವು ಗಂಟೆ ಕಟ್ಟಿ ಅಭ್ಯಾಸ ಮಾಡಿಸದೆ ನೇರ ಕಾಡಿನಂಚಿಗೆ ಒಯ್ಯುವುದು ಅನ್ಯಾಯ.

ಎರಡನೆಯದು ಸೌರ ಬೇಲಿ. ಮಲೆನಾಡಿನ ರೈತರ ಬಾಯಲ್ಲಿ ಇದು ಐಬೆಕ್ಸ್ ಬೇಲಿ. ಆನೆ, ಹಂದಿಗೆ ಹಾಕುವ ಅದೇ ತತ್ತ್ವದ ಪುಟ್ಟ ರೂಪ. ಕುದುರೆಗೆ ಇದರಷ್ಟು ಸುಖ ಕೊಡುವ ವ್ಯವಸ್ಥೆ ಬೇರೆ ಇಲ್ಲ. ತಿರುಗಾಡುತ್ತದೆ, ಹೊರಳುತ್ತದೆ, ಮಲಗುತ್ತದೆ. ಎರಡು ಕುದುರೆಗೆ 8 ಮೀಟರ್ ಅಗಲ, 10 ಮೀಟರ್ ಉದ್ದದ ಆವರಣ ಸಾಕು. ಸುತ್ತಳತೆ 36 ಮೀಟರ್, ಎರಡು ಸಾಲಿಗೆ 72 ಮೀಟರ್ ಎಳೆ. ಮೂರು ಮೀಟರಿಗೊಂದರಂತೆ 12 ಗೂಟ, ಮೂಲೆಗೆ ಆಸರೆ ಕೊಡಲು ಇನ್ನು ನಾಲ್ಕು. ಸಾಲುಗಳು ನೆಲದಿಂದ 60 ಮತ್ತು 110 ಸೆಂ.ಮೀ. ಎತ್ತರದಲ್ಲಿ. ಬೇಲಿಗೆ ಕರೆಂಟಿನ ಹೊಡೆತ ಕೊಡುವ ಯಂತ್ರ, ಅಂದರೆ ಎನರ್ಜೈಸರ್, 0.2 ಜೂಲ್ ಇದ್ದರೆ ಈ ಅಳತೆಗೆ ಧಾರಾಳ.

ಸಮಸ್ಯೆ ಇರುವುದು ಅರ್ಥಿಂಗ್‌ನಲ್ಲಿ. ಬೇಲಿ ಮುಟ್ಟಿದ ಕುದುರೆಗೆ ಹೊಡೆತ ತಾಗಬೇಕಾದರೆ ಕರೆಂಟು ಅದರ ಮೈಯಿಂದ ನೆಲಕ್ಕಿಳಿದು ಅರ್ಥ್ ಸರಳಿನ ಮೂಲಕ ಯಂತ್ರಕ್ಕೆ ಮರಳಬೇಕು. ಜನವರಿಯ ಹೊತ್ತಿಗೆ ಪದವಿನ ಮುರಕಲ್ಲು ಒಣಗಿ ಬೆಂಡಾಗಿರುತ್ತದೆ, ಹೊಯಿಗೆಯ ಮೇಲ್ಪದರವೂ ಹಾಗೆಯೇ. ಯಂತ್ರ ಟಿಕ್ ಟಿಕ್ ಎನ್ನುತ್ತಲೇ ಇರುತ್ತದೆ, ಬೇಲಿಗೆ ತಾಗಿದ ಕುದುರೆಗೆ ಏನೂ ಆಗುವುದಿಲ್ಲ. ಬೇಲಿ ಸುಳ್ಳು ಎಂದು ಒಮ್ಮೆ ಗೊತ್ತಾದ ಕುದುರೆ ಮತ್ತೆ ಅದಕ್ಕೆ ಹೆದರದು. ಒಂದು ಮೀಟರ್ ಉದ್ದದ ಗ್ಯಾಲ್ವನೈಸ್ಡ್ ಸರಳು ಎರಡು ಇಟ್ಟುಕೊಂಡು, ಎರಡು ಮೀಟರ್ ಅಂತರದಲ್ಲಿ ಹೊಡೆದು, ಬುಡಕ್ಕೆ ತಲಾ ಐದು ಲೀಟರ್ ನೀರು ಹೊಯ್ಯಿರಿ. ಆಮೇಲೆ ಟೆಸ್ಟರ್ ಹಿಡಿದು ಯಂತ್ರದಿಂದ ಅತಿ ದೂರದ ಮೂಲೆಯಲ್ಲಿ ಅಳೆಯಿರಿ. ಮೂರು ಸಾವಿರ ವೋಲ್ಟ್‌ಗಿಂತ ಕಡಿಮೆ ತೋರಿಸಿದರೆ ಆ ರಾತ್ರಿಗೆ ಬೇಲಿಯನ್ನು ನಂಬಬೇಡಿ, ಹಗ್ಗ ಕಟ್ಟಿ. ನೀರು ಹೊಯ್ದರೂ ಅರ್ಥ್ ಹಿಡಿಯದ ನೆಲದಲ್ಲಿ ಮೇಲಿನ ಸಾಲಿಗೆ ಕರೆಂಟು, ಕೆಳಗಿನದಕ್ಕೆ ಅರ್ಥ್ ಕೊಡುವ ಉಪಾಯವಿದೆ. ಆಗ ಕೆಳಗಿನ ಸಾಲನ್ನು 85 ಸೆಂ.ಮೀ.ಗೆ ಏರಿಸಿ. ಎದೆ ಕೊಟ್ಟು ನೂಕುವ ಕುದುರೆಗೆ ಎರಡೂ ಒಟ್ಟಿಗೆ ತಾಗಿ ಹೊಡೆತ ಬೀಳುತ್ತದೆ. ಮೂತಿಯಿಂದ ಒಂದೇ ಸಾಲು ಮುಟ್ಟಿದರೆ ಮಾತ್ರ ಬೀಳುವುದಿಲ್ಲ, ಆ ದೌರ್ಬಲ್ಯ ಇದ್ದೇ ಇದೆ.

ಸೌರ ಬೇಲಿಗೆ ನಮ್ಮಲ್ಲಿ ಅತ್ಯುತ್ತಮ ಜಾಗ ಕಡಲ ದಂಡೆ ಅಲ್ಲವೇ ಅಲ್ಲ, ಎಣೆಲು (ಮಳೆಗಾಲದ ಭತ್ತದ ಬೆಳೆ) ಕೊಯ್ದು ಖಾಲಿ ಬಿದ್ದ ಬೈಲುಗದ್ದೆ. ಮಣ್ಣಿನಡಿ ತೇವ ಉಳಿದಿರುತ್ತದೆ, ಗೂಟ ಕಾಲಲ್ಲಿ ಒತ್ತಿದರೆ ಇಳಿಯುತ್ತದೆ, ಮೇಲೆ ತೆಂಗಿಲ್ಲ. ಗದ್ದೆಯ ಯಜಮಾನರ ಒಪ್ಪಿಗೆ ಪಡೆದು, ಸುಗ್ಗಿ ಬೆಳೆಯೋ ಉದ್ದು ಹೆಸರೋ ಬಿತ್ತಿಲ್ಲವೆಂದು ಖಚಿತ ಮಾಡಿಕೊಂಡರಾಯಿತು.

ಎಳೆಯ ಆಯ್ಕೆಯಲ್ಲಿ ಅಂಗಡಿಯವರು 40 ಮಿ.ಮೀ. ಅಗಲದ ಪಟ್ಟಿಯನ್ನೇ ಹೊಗಳುತ್ತಾರೆ, ಕುದುರೆಯ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ ಎಂದು. ನಿಜ. ಆದರೆ ಮಧ್ಯಾಹ್ನದ ಕಡಲ ಗಾಳಿಗೆ ಅದು ಪಟಪಟ ಬಡಿದುಕೊಂಡು ಒಳಗಿನ ತಂತಿ ತುಂಡಾಗುತ್ತದೆ, ಗೂಟಗಳೂ ಓಲುತ್ತವೆ. 12 ಮಿ.ಮೀ. ಪಟ್ಟಿ ಅಥವಾ 6 ಮಿ.ಮೀ. ಹಗ್ಗದ ಮಾದರಿ ತೆಗೆದುಕೊಂಡು ಅಲ್ಲಲ್ಲಿ ಬಿಳಿ ಬಟ್ಟೆಯ ತುಂಡು ಕಟ್ಟಿ. ಉಪ್ಪಿನ ಪದರ ಇನ್ಸುಲೇಟರ್ ಮೇಲೆ ಕೂತರೆ ಕರೆಂಟು ಅಲ್ಲೇ ಸೋರುತ್ತದೆ. ಪ್ರತಿ ಸಂಜೆ ಸಿಹಿನೀರಿನ ಬಟ್ಟೆಯಲ್ಲಿ ಒರೆಸಿ. ಮನೆಯ ಕರೆಂಟನ್ನು ನೇರ ಬೇಲಿಗೆ ಕೊಡುವ ಯೋಚನೆ ಯಾರ ತಲೆಯಲ್ಲೂ ಸುಳಿಯದಿರಲಿ. ಅದು ಕಾನೂನುಬಾಹಿರ, ಮನುಷ್ಯರೂ ಪ್ರಾಣಿಗಳೂ ಸಾಯುತ್ತಾರೆ. ಎನರ್ಜೈಸರ್ ಕೊಡುವುದು ಸೆಕೆಂಡಿಗೊಮ್ಮೆ ಕ್ಷಣಮಾತ್ರದ ಹೊಡೆತ. ಸುರಕ್ಷತೆ ಇರುವುದು ಆ ಬಿಡುವಿನಲ್ಲೇ.

ಕಬ್ಬಿಣದ ಪ್ಯಾನೆಲ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೂರು ಮೀಟರ್ ಉದ್ದದ ಎಂಟು ಪ್ಯಾನೆಲ್ ಜೋಡಿಸಿದರೆ ಒಂದು ಕುದುರೆಗೆ ಉತ್ತಮ ಆವರಣವಾಗುತ್ತದೆ. ಆದರೆ ಒಂದೊಂದೂ 20ರಿಂದ 30 ಕಿಲೋ ತೂಗುತ್ತದೆ, ಕಟ್ಟಿ ಬಿಚ್ಚಲು ಇಬ್ಬರು ಬೇಕು. ಒಂದೇ ಕಡೆ ವಾರಗಟ್ಟಲೆ ನಿಲ್ಲುವವರಿಗೆ ಸರಿ, ದಿನಕ್ಕೊಂದು ಊರು ಎನ್ನುವವರಿಗೆ ಭಾರ. ಬೈಕಂಪಾಡಿ ಕೈಗಾರಿಕಾ ಪ್ರದೇಶದ ಕಡೆ ಮಾಡಿಸುವುದಾದರೆ ಒಂದೇ ಷರತ್ತು ಹಾಕಿ: ವೆಲ್ಡಿಂಗ್ ಮುಗಿದ ಮೇಲೆ ಇಡೀ ಪ್ಯಾನೆಲನ್ನು ಬಿಸಿ ಸತುವಿನಲ್ಲಿ ಅದ್ದಿಸಬೇಕು. ಮೊದಲೇ ಗ್ಯಾಲ್ವನೈಸ್ ಆದ ಪೈಪ್ ತಂದು ವೆಲ್ಡ್ ಮಾಡಿದರೆ ಬೆಸುಗೆ ಬಿದ್ದಲ್ಲಿ ಸತು ಉರಿದುಹೋಗಿ ಮೊದಲ ಮಳೆಗಾಲಕ್ಕೇ ತುಕ್ಕು ಅಲ್ಲಿಂದ ಶುರು. ಕೆಳಗಿನ ಅಡ್ಡಪಟ್ಟಿ ಮತ್ತು ನೆಲದ ನಡುವೆ ಗೊರಸು ಸಿಕ್ಕದಷ್ಟು ಅಂತರವೂ ಇರಬೇಕು.

ಲಾರಿಗೇ ಕಟ್ಟಿ ರಾತ್ರಿ ಕಳೆಯುವುದು ಎಲ್ಲಕ್ಕಿಂತ ಸುಲಭ, ಅಷ್ಟೇ ಕೆಟ್ಟದ್ದು. ತಲೆ ಕೆಳಗಿಳಿಸಲಾಗದಷ್ಟು ಗಿಡ್ಡ ಕಟ್ಟಿದ ಕುದುರೆಯ ಶ್ವಾಸನಾಳದ ಕಫ, ಧೂಳು ಹೊರಗೆ ಹರಿಯುವುದಿಲ್ಲ. ದೂರ ಪ್ರಯಾಣದ ಕುದುರೆಗಳಿಗೆ ನ್ಯುಮೋನಿಯಾ ಬರುವುದು ಹೀಗೆ. ಊಟ ಮುಗಿಸುವ ತನಕದ ತಂಗಲಿಗೆ ಮಾತ್ರ ಸಾಕು. ಕಾಲ್ಕಟ್ಟು ಹಾಕಿ ಮೇಯಲು ಬಿಡುವುದಕ್ಕೂ ರಾತ್ರಿ ನಮ್ಮ ಒಪ್ಪಿಗೆ ಇಲ್ಲ. ಕಲಿತ ಕುದುರೆ ಎರಡೂ ಮುಂಗಾಲು ಒಟ್ಟಿಗೆ ಹಾರಿಸಿ ರಾಷ್ಟ್ರೀಯ ಹೆದ್ದಾರಿ 66ರವರೆಗೂ ಹೋಗಬಲ್ಲದು.

ನೀರು, ಮೇವಿನ ವಿಷಯಕ್ಕೆ ಬಂದರೆ ಕಂಬಳದ ಕೋಣ ಸಾಕುವವರನ್ನು ನೋಡಿ ಕಲಿಯಬೇಕು. ಕೋಣದ ಜೊತೆ ಹುಲ್ಲು, ಹುರುಳಿ, ನೀರು ಎಲ್ಲವೂ ಮನೆಯಿಂದಲೇ ಲಾರಿ ಹತ್ತುತ್ತದೆ. ಕುದುರೆಗೂ ಅದೇ ಶಿಸ್ತು ಬೇಕು. ಸೆಖೆಯಲ್ಲಿ ಕೆಲಸ ಮಾಡಿದ ಕುದುರೆ ದಿನಕ್ಕೆ 40ರಿಂದ 50 ಲೀಟರ್ ಕುಡಿಯುತ್ತದೆ. ಎರಡಕ್ಕೆ ದಿನಕ್ಕೆ 100 ಲೀಟರ್ ಎಂದು ಹಿಡಿದು, ದಿನವೊಂದಕ್ಕೆ 20 ಲೀಟರಿನ ಆರು ಕ್ಯಾನ್ ತುಂಬಿಸಿಕೊಳ್ಳಿ. ದಾರಿಯ ಬಾವಿ ನೀರು ಸಿಗುತ್ತದೆ ನಿಜ. ಕಡಲಿಗೂ ಹೊಳೆಗೂ ನಡುವಿನ ಪಟ್ಟಿಯಲ್ಲಿ ಬೇಸಿಗೆ ಸಮೀಪಿಸಿದ ಹಾಗೆ ಬಾವಿಗೆ ಉಪ್ಪು ಹತ್ತುತ್ತದೆ, ರುಚಿ ಬದಲಾದರೆ ಕುದುರೆ ಬಾಯಿ ಇಡುವುದಿಲ್ಲ. ಕುಡಿಯದ ಕುದುರೆಗೆ ಮರುದಿನ ಹೊಟ್ಟೆನೋವು. ಬಕೆಟ್ ರಬ್ಬರಿನದ್ದೇ ಆಗಲಿ, ಕಪ್ಪು, ಹಿಡಿಕೆ ಕಳಚಬಹುದಾದ್ದು. ತಂತಿ ಹಿಡಿಕೆಯ ಪ್ಲಾಸ್ಟಿಕ್ ಬಕೆಟ್‌ಗೆ ಕಾಲು ಸಿಕ್ಕಿಸಿಕೊಳ್ಳುವುದು ಮಾಮೂಲು.

ಮೇವಿನ ತೂಕ ಮೈತೂಕದ ನೂರಕ್ಕೆ ಎರಡು: 400 ಕಿಲೋದ ಕುದುರೆಗೆ ಎಂಟು ಕಿಲೋ ಒಣಹುಲ್ಲು. ಎರಡು ಕುದುರೆ, ಎರಡು ದಿನಕ್ಕೆ 32 ಕಿಲೋ. ಹಾಲಿನ ಸೊಸೈಟಿಯ ಹತ್ತಿರ ಹಸಿ ನೇಪಿಯರ್ ಹುಲ್ಲು ಸಿಗುತ್ತದೆ ಎಂದು ಒಣಹುಲ್ಲು ಬಿಟ್ಟು ಬರಬೇಡಿ. ನೇಪಿಯರ್‌ನಲ್ಲಿ ಐದರಲ್ಲಿ ನಾಲ್ಕು ಪಾಲು ನೀರು, ಎಂಟು ಕಿಲೋ ಒಣಮೇವಿಗೆ ಸಮವಾಗಲು 40 ಕಿಲೋ ಬೇಕು. ಬೈಹುಲ್ಲು ನಮ್ಮಲ್ಲಿ ಎಲ್ಲ ಕಡೆ ಸಿಗುತ್ತದೆ, ದನಕ್ಕೆ ಸರಿ. ಕುದುರೆಗೆ ಪೌಷ್ಟಿಕ ಸಾಲದು, ಅಭ್ಯಾಸವಿಲ್ಲದ ಹೊಟ್ಟೆಯಲ್ಲಿ ಗಟ್ಟಿಕಟ್ಟಿ ಕೂರುತ್ತದೆ. ಯಾವ ಮೇವಿಗೂ ಒಂದು ವಾರ, ಹತ್ತು ದಿನ ಹಿಡಿದು ನಿಧಾನವಾಗಿ ಹೊಂದಿಸಬೇಕು. ಹುರುಳಿ ಬೇಯಿಸಿಯೋ ರಾತ್ರಿ ನೆನೆಸಿಯೋ ಕೊಡಿ, ಕಲ್ಲುಪ್ಪು ತಲಾ 30 ಗ್ರಾಂ ಸೇರಿಸಿ, ಬೆವರು ಹೆಚ್ಚಿದ್ದರೆ ಎರಡರಷ್ಟು.

ಹೊಯಿಗೆಯ ಮೇಲೆ ಹುಲ್ಲು ಸುರಿಯುವುದು ಕರಾವಳಿಯ ಕ್ಯಾಂಪ್‌ಗಳಲ್ಲಿ ಕಾಣುವ ಅತಿ ದೊಡ್ಡ ತಪ್ಪು. ಹುಲ್ಲಿನ ಜೊತೆ ಹೊಟ್ಟೆ ಸೇರಿದ ಹೊಯಿಗೆ ದೊಡ್ಡ ಕರುಳಿನ ತಳದಲ್ಲಿ ಕೂತುಬಿಡುತ್ತದೆ. ಸಗಣಿಯ ಮುದ್ದೆಯನ್ನು ನೀರು ತುಂಬಿದ ಪಾರದರ್ಶಕ ಚೀಲದಲ್ಲಿ ಕಲಕಿ ಕಾಲು ಗಂಟೆ ಬಿಟ್ಟರೆ ತಳದಲ್ಲಿ ಹೊಯಿಗೆ ಇಳಿಯುವುದು ಕಾಣುತ್ತದೆ. ಹುಲ್ಲಿನ ಬಲೆ ಕಟ್ಟಿ, ಅದರಡಿ ದನದ ಕೊಟ್ಟಿಗೆಗೆ ಹಾಸುವ ರಬ್ಬರ್ ಮ್ಯಾಟ್ ಒಂದನ್ನು ಹಾಸಿ. ಬಲೆಯ ತಳ ಖಾಲಿಯಾದಾಗಲೂ ಕುದುರೆಯ ಎದೆಗಿಂತ ಕೆಳಕ್ಕೆ ಇಳಿಯಬಾರದು.

ಈಗ ಟೆಂಟ್. ಹಗ್ಗದ ಸಾಲಿನಿಂದ 10ರಿಂದ 15 ಮೀಟರ್ ದೂರ, ಕುದುರೆಯ ಸದ್ದು ಗಾಳಿಯಲ್ಲಿ ನಿಮ್ಮ ಕಡೆಗೆ ಬರುವ ಹಾಗೆ ಹೊಡೆಯಿರಿ. ನಮ್ಮ ಚಳಿಗಾಲದ ರಾತ್ರಿಯೂ 20 ಡಿಗ್ರಿಯ ಆಸುಪಾಸು, ಆದ್ದರಿಂದ ದಪ್ಪ ಬಟ್ಟೆಯ ಟೆಂಟ್‌ಗೆ ಹಣ ಹಾಕುವುದು ದಂಡ. ಎರಡೂ ಕಡೆ ಬಲೆಯ ಬಾಗಿಲಿರುವ ಮೂವರ ಟೆಂಟ್ ಇಬ್ಬರಿಗೆ, ಜೀನು ಸಾಮಾನಿಗೆ ಸರಿಹೊಂದುತ್ತದೆ. ಬಲೆ ತೂತಿಲ್ಲದಿರಲಿ, ಮಂಗಳೂರಿಗೂ ಮಲೇರಿಯಾಕ್ಕೂ ಹಳೆಯ ನಂಟು. ಡೆಕಥ್ಲಾನ್‌ನ ಕೆಚುವಾ ಟೆಂಟ್‌ಗಳು ಈ ಕೆಲಸಕ್ಕೆ ಸಾಲುತ್ತವೆ, ಆದರೆ ಜೊತೆಗೆ ಬರುವ ತೆಳು ಗೂಟ ಹೊಯಿಗೆಯಲ್ಲಿ ನಿಲ್ಲುವುದಿಲ್ಲ, ಮುರಕಲ್ಲಿನಲ್ಲಿ ಬಾಗುತ್ತದೆ. ಹೊಯಿಗೆಯಲ್ಲಿ ಅಕ್ಕಿಯ ಖಾಲಿ ಚೀಲಕ್ಕೆ ಅರ್ಧ ಹೊಯಿಗೆ ತುಂಬಿ, ಹಗ್ಗ ಕಟ್ಟಿ, ಎರಡಡಿ ಆಳಕ್ಕೆ ಹೂಳಿದರೆ ಬಿರುಗಾಳಿಗೂ ಕದಲದು. ಪದವಿನಲ್ಲಿ 10 ಮಿ.ಮೀ. ಕಬ್ಬಿಣದ ಸರಳಿನ ಒಂದಡಿ ತುಂಡುಗಳು, ಜೊತೆಗೆ ಎರಡು ಕಿಲೋದ ಸುತ್ತಿಗೆ. ಸಾಮಾನಿನ ಮೇಲೆ ಇಬ್ಬನಿ ಬೀಳದಂತೆ 200 ಜಿಎಸ್ಎಂನ (ಚದರ ಮೀಟರಿಗೆ 200 ಗ್ರಾಂ ತೂಗುವ) ಸಿಲ್ಪಾಲಿನ್ ಟಾರ್ಪಾಲು ಒಂದು ಸಾಕು. ಅದನ್ನು ಕುದುರೆಯ ಎದುರೇ ಬಿಡಿಸಬೇಡಿ. ಮನೆಯಲ್ಲಿ ಮೊದಲೇ ತೋರಿಸಿ, ಮೂಸಲು ಬಿಟ್ಟು, ಸದ್ದು ಪರಿಚಯ ಮಾಡಿಸಿರಿ.

ಸಾಗಣೆಗೆ ಕಂಬಳದ ಕೋಣ ಒಯ್ಯುವ ಲಾರಿಯನ್ನೇ ಗೊತ್ತುಮಾಡುವುದು ಇಲ್ಲಿ ಸಿಗುವ ಒಳ್ಳೆಯ ಸೇವೆ. ಚಾಲಕರಿಗೆ ಪ್ರಾಣಿ ಹೊತ್ತು ತಿರುವು ತೆಗೆಯುವ ಹದ ಗೊತ್ತಿರುತ್ತದೆ. ಆದರೂ ಮೂರು ಸಂಗತಿ ನೋಡಿ: ನೆಲಕ್ಕೆ ರಬ್ಬರ್ ಮ್ಯಾಟ್, ನಡುವೆ ಗಟ್ಟಿ ವಿಭಜಕ, ಹತ್ತುವ ಹಲಗೆ ಉದ್ದವಾಗಿ ಓರೆ ಕಡಿಮೆಯಿರುವುದು. ಕೋಣ ಕಡಿದಾದ ಹಲಗೆ ಹತ್ತುತ್ತದೆ, ಕುದುರೆ ಜಾರುತ್ತದೆ, ಮತ್ತೊಮ್ಮೆ ಹತ್ತಲು ಒಪ್ಪದು. ಆಗುಂಬೆ ಘಾಟಿಯ 14 ತಿರುವುಗಳಿಗೆ ಭಾರಿ ವಾಹನ ಬಿಡುವುದಿಲ್ಲ, ಟ್ರೇಲರ್ ಎಳೆದುಕೊಂಡು ಆ ದಾರಿ ಹಿಡಿಯಬೇಡಿ. ಪ್ರಯಾಣಕ್ಕೆ ಕುದುರೆ ಯೋಗ್ಯವಾಗಿದೆ, ಸಾಂಕ್ರಾಮಿಕ ರೋಗವಿಲ್ಲ ಎಂಬ ಪಶುವೈದ್ಯರ ಪ್ರಮಾಣಪತ್ರ 1978ರ ಪ್ರಾಣಿ ಸಾಗಣೆ ನಿಯಮಗಳ ಪ್ರಕಾರ ಜೊತೆಗಿರಲೇಬೇಕು.

ಕುದ್ರೆಮುಖ ರಾಷ್ಟ್ರೀಯ ಉದ್ಯಾನ, ಸೋಮೇಶ್ವರ, ಮೂಕಾಂಬಿಕಾ ಅಭಯಾರಣ್ಯಗಳ ಒಳಗೆ ಕುದುರೆ ಕ್ಯಾಂಪ್‌ನ ಮಾತೇ ಇಲ್ಲ. ಕಾಡಿನಂಚಿನ ಖಾಸಗಿ ತೋಟದಲ್ಲಿ ತಂಗಿದರೂ ಡಿಸೆಂಬರ್‌ನಿಂದ ಮೇವರೆಗೆ ಮಂಗನ ಕಾಯಿಲೆಯ ಉಣ್ಣಿಗಳ ಕಾಲ. ಪೊದೆ ಉಜ್ಜಿಕೊಂಡು ಬಂದ ಕುದುರೆ ಉಣ್ಣಿಗಳನ್ನು ನಿಮ್ಮ ಟೆಂಟಿನ ತನಕ ತರುತ್ತದೆ. ಸಂಜೆ ಕಿವಿಯೊಳಗೆ, ಬಾಲದ ಬುಡ, ತೊಡೆಸಂದಿಯಲ್ಲಿ ಬೆರಳಾಡಿಸಿ ನೋಡಿ, ನಿಮ್ಮ ಮೈಗೆ ಆರೋಗ್ಯ ಇಲಾಖೆ ಹಂಚುವ ಡೇಪಾ ತೈಲ ಹಚ್ಚಿಕೊಳ್ಳಿ.

ಔಷಧಿ ಪೆಟ್ಟಿಗೆಯಲ್ಲಿ ಥರ್ಮಾಮೀಟರ್, ಸ್ಟೆತಸ್ಕೋಪ್, ಗಾಯದ ಪಟ್ಟಿ, ಗೊರಸು ಕೆರೆಯುವ ಕೊಕ್ಕೆ ಇರಲಿ. ವಿಶ್ರಾಂತಿಯಲ್ಲಿ ಹೃದಯಬಡಿತ ನಿಮಿಷಕ್ಕೆ 28ರಿಂದ 44, ಉಸಿರು 8ರಿಂದ 16, ಉಷ್ಣತೆ 38.5 ಡಿಗ್ರಿಯೊಳಗೆ. ಬಿಸಿಲಲ್ಲಿ ಬಂದ ಕುದುರೆಯ ಬಡಿತ ಕಾಲು ಗಂಟೆ ನಿಲ್ಲಿಸಿ ನೀರು ಹೊಯ್ದ ಮೇಲೂ 60ರ ಕೆಳಗಿಳಿಯದಿದ್ದರೆ ಆ ದಿನದ ಸವಾರಿ ಮುಗಿಯಿತು. ಫ್ಯಾರನ್‌ಹೀಟ್ ಉಷ್ಣತೆಗೆ ಶೇಕಡಾವಾರು ತೇವಾಂಶ ಕೂಡಿಸಿ 150 ದಾಟಿದರೆ ಎಚ್ಚರ, 180 ದಾಟಿದರೆ ಹೊರಡಬೇಡಿ ಎಂಬ ಹಳೆಯ ಲೆಕ್ಕ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ: 32 ಡಿಗ್ರಿ ಸೆಲ್ಸಿಯಸ್ ಎಂದರೆ 90, ತೇವಾಂಶ 70, ಆಗಲೇ 160. ಪಶು ಸಂಜೀವಿನಿ ವಾಹನಕ್ಕೆ 1962ಕ್ಕೆ ಕರೆ ಮಾಡಬಹುದು. ನಮ್ಮ ಕಡೆ ವೈದ್ಯರು ದಿನವೂ ನೋಡುವುದು ದನ, ಎಮ್ಮೆ. ಹಾಗಾಗಿ ಹೊಟ್ಟೆನೋವಿನಲ್ಲಿ ಕುದುರೆ ನೋಡಬಲ್ಲ ವೈದ್ಯರು ಯಾರು, ಎಷ್ಟು ದೂರ ಎಂದು ಹೊರಡುವ ಮೊದಲೇ ವಿಚಾರಿಸಿಕೊಳ್ಳಿ.

ಮರಳುವಾಗ ಸಗಣಿಯನ್ನು ಗೋಣಿಗೆ ತುಂಬಿ; ಎರಡು ಕುದುರೆ ದಿನಕ್ಕೆ 30 ಕಿಲೋಗಿಂತ ಹೆಚ್ಚೇ ಹಾಕುತ್ತವೆ, ತೆಂಗಿನ ಬುಡಕ್ಕೆ ಬೇಡ ಎನ್ನುವ ತೋಟದವರು ಅಪರೂಪ. ಮನೆ ಮುಟ್ಟಿದ ದಿನವೇ ಕೊಕ್ಕೆ, ಸ್ವಿವೆಲ್, ಗೂಟ, ಹಗ್ಗ ಎಲ್ಲವನ್ನೂ ಸಿಹಿನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟು ನೆರಳಲ್ಲಿ ಒಣಗಿಸಿ. ಕೊಕ್ಕೆಯ ಹೊರಮೈ ಹೊಳೆಯುತ್ತಿದ್ದರೂ ಒಳಗಿನ ಸ್ಪ್ರಿಂಗ್ ಮಾತ್ರ ಸಾಧಾರಣ ಉಕ್ಕಿನದ್ದಾಗಿರುವುದುಂಟು. ಹೆಬ್ಬೆರಳಿನಿಂದ ಒತ್ತಿ ಬಿಟ್ಟಾಗ ನಾಲಗೆ ತಟ್ಟನೆ ಮುಚ್ಚದೆ ತಡವರಿಸಿದರೆ ಆ ಕೊಕ್ಕೆಯನ್ನು ಬಕೆಟ್ ನೇತುಹಾಕಲು ಇಟ್ಟುಕೊಂಡು ಕುದುರೆಗೆ ಹೊಸದು ತನ್ನಿ.